ತಗ್ಗಿಸಿದ ಕಾರಿಗೆ ದೊಡ್ಡ ಚಕ್ರ ಹಾಕಿದ್ರೆ ಉಜ್ಜಲ್ವಾ?

ಅಳೆದು ಹಾಕಿದರೆ ಟೈರು ಗಾಡಿಯ ತಗಡಿಗೆ ಉಜ್ಜಲ್ಲ. ಉತ್ತರ ಇಷ್ಟೇ. ಇನ್ನು ಮೇಲೆ ಮದುವೆ ಮನೆಯಲ್ಲಾಗಲಿ, ಪೆಟ್ರೋಲ್ ಬಂಕಿನಲ್ಲಾಗಲಿ ಯಾರು ಕೇಳಿದರೂ ಇದನ್ನೇ ಓದಲು ಕೊಡುತ್ತೇನೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ.

ನನ್ನದು 2014ರ ಸ್ವಿಫ್ಟ್. ಸ್ಪ್ರಿಂಗ್ ಬದಲಿಸಿ 35 ಮಿಲಿಮೀಟರ್ ತಗ್ಗಿಸಿದ್ದೇನೆ. 15 ಇಂಚಿನ ಚಕ್ರ ತೆಗೆದು 16 ಇಂಚಿನದು ಹಾಕಿದ್ದೇನೆ. ಇದನ್ನು ಜನ ಕೇಳುವ ಧಾಟಿ ನೋಡಿ. "ಒಂದು ಕಡೆ ಗಾಡಿ ಇಳಿಸ್ತೀಯ, ಇನ್ನೊಂದು ಕಡೆ ಚಕ್ರ ಏರಿಸ್ತೀಯ, ತಲೆ ನೆಟ್ಟಗಿದೆಯೇನೋ?" ಅಂದರು ನಮ್ಮ ಚಿಕ್ಕಪ್ಪ, ಗೃಹಪ್ರವೇಶಕ್ಕೆ ಬಂದ ಅಷ್ಟೂ ಜನರ ಮುಂದೆ. ಅದು ಪ್ರಶ್ನೆಯಲ್ಲ, ತೀರ್ಪು. ತೀರ್ಪು ಕೊಟ್ಟ ಮೇಲೆ ಉತ್ತರ ಕೇಳಲು ಯಾರೂ ನಿಲ್ಲುವುದಿಲ್ಲ. ಚಿಕ್ಕಪ್ಪನೂ ಊಟಕ್ಕೆ ಹೋದರು.

ಚಿಕ್ಕಪ್ಪ, ಉತ್ತರ ಇಲ್ಲಿದೆ. 16 ಇಂಚು ಅನ್ನುವುದು ರಿಮ್ಮಿನ, ಅಂದರೆ ಟೈರಿನೊಳಗಿನ ಲೋಹದ ಚಕ್ರದ ಅಳತೆ, ಟೈರಿನದಲ್ಲ. ಟೈರಿನ ಪಕ್ಕದಲ್ಲಿ 185/65 ಆರ್15 ಅಂತ ಬರೆದಿರುತ್ತದೆ ಅಲ್ವಾ? 185 ಮಿಲಿಮೀಟರ್ ಟೈರಿನ ಅಗಲ. ಟೈರಿನ ಗೋಡೆಯ ಎತ್ತರ ಆ ಅಗಲದ ಶೇಕಡಾ 65. ಗೋಡೆ ಮೇಲೊಂದು, ಕೆಳಗೊಂದು, ನಡುವೆ 15 ಇಂಚಿನ ರಿಮ್. ಕೂಡಿಸಿದರೆ ಚಕ್ರದ ಪೂರ್ತಿ ಎತ್ತರ 621.5 ಮಿಲಿಮೀಟರ್. ಈಗ ನನ್ನ ಗಾಡಿಯಲ್ಲಿರುವುದು 195/55 ಆರ್16. ಅದರ ಎತ್ತರ 620.9. ವ್ಯತ್ಯಾಸ ಅರ್ಧ ಮಿಲಿಮೀಟರಿಗಿಂತ ಒಂದು ಚೂರು ಜಾಸ್ತಿ, ಅದೂ ಕಡಿಮೆಯ ಕಡೆಗೆ. ರಿಮ್ ಬೆಳೆದಷ್ಟು ರಬ್ಬರು ಇಳಿದಿದೆ. ಚಕ್ರ ಏರಲೇ ಇಲ್ಲ.

ಹಾಗಾದರೆ ಉಜ್ಜುವ ಗಾಡಿಗಳು ಯಾಕೆ ಉಜ್ಜುತ್ತವೆ? ನನಗೆ ಗೊತ್ತು. ಮೊದಲ ಸಲ ನನ್ನದೂ ಉಜ್ಜಿತ್ತು.

ಒಂದು ಅಂಗಡಿಯಲ್ಲಿ 17 ಇಂಚಿನ ಸೆಟ್ ಕೊಟ್ಟರು. "ಸ್ವಿಫ್ಟ್‌ಗೆ ಕೂರತ್ತೆ ಸಾರ್" ಅಂದರು. ಬೋಲ್ಟಿಗೆ ಕೂತಿತು, ಅದು ನಿಜ. ಮುಂದಿನ ಭಾನುವಾರ ಮನೆಯವರೆಲ್ಲ ಐದು ಜನ ತುಮಕೂರಿಗೆ ಹೊರಟೆವು. ಪೀಣ್ಯ ಫ್ಲೈಓವರ್ ಮೇಲೆ ಕಾಂಕ್ರೀಟು ಸೇರುವ ಜಾಗ ಬಂದಾಗಲೆಲ್ಲ ಹಿಂದಿನ ಎಡಗಡೆಯಿಂದ ಜರ್ರ್ ಅನ್ನುವ ಸದ್ದು. ದಾಬಸ್‌ಪೇಟೆ ಹತ್ತಿರ ನಿಲ್ಲಿಸಿ ಬಗ್ಗಿ ನೋಡಿದೆ. ಹೊಸ ಟೈರಿನ ಹೊರ ಅಂಚಿನಿಂದ ಶಾವಿಗೆ ಎಳೆಯ ಹಾಗೆ ರಬ್ಬರು ಸುಲಿದು ನೇತಾಡುತ್ತಿತ್ತು. ಫೆಂಡರಿನ, ಅಂದರೆ ಚಕ್ರದ ಮೇಲಿನ ತಗಡಿನ ಕಮಾನಿನ, ಒಳಮಡಿಕೆ ಕೊಯ್ದದ್ದು. ಮುಟ್ಟಿದರೆ ಬೆಚ್ಚಗಿತ್ತು. ಹಿಂದೆ ಕೂತಿದ್ದ ನನ್ನ ಮಗಳು ಕಿಟಕಿಯಿಂದ "ಏನಾಯ್ತಪ್ಪ?" ಅಂತ ಕೇಳುತ್ತಿದ್ದಳು. ಆ ಟೈರಿಗೂ ಅವಳ ಸೀಟಿಗೂ ಇದ್ದದ್ದು ಒಂದು ತಗಡು. ಆವತ್ತು ವಾಪಸು ಬರುವಾಗ 40ರ ಮೇಲೆ ಓಡಿಸಲಿಲ್ಲ.

ಮನೆಗೆ ಬಂದು ಲೆಕ್ಕ ಹಾಕಿದೆ. ಆ ರಿಮ್ ಕಂಪನಿಯದಕ್ಕಿಂತ ಒಂದೂವರೆ ಇಂಚು ಅಗಲ. ಅದರಲ್ಲಿ ಅರ್ಧ, ಅಂದರೆ 19 ಮಿಲಿಮೀಟರ್, ಹೊರಗೆ ಬರುತ್ತದೆ. ಆಫ್‌ಸೆಟ್ ಬೇರೆ 10 ಕಡಿಮೆ. ಆಫ್‌ಸೆಟ್ ಅಂದರೆ ಬೋಲ್ಟ್ ಕೂರುವ ಜಾಗ ರಿಮ್ಮಿನ ಮಧ್ಯದಿಂದ ಎಷ್ಟು ಹೊರಗಿದೆ ಅನ್ನುವ ಅಳತೆ. ಅದು 10 ಕಡಿಮೆಯಾದರೆ ಚಕ್ರ 10 ಮಿಲಿಮೀಟರ್ ಹೊರಗೆ ಸರಿಯುತ್ತದೆ. ಒಟ್ಟು 29. ಉಜ್ಜದೆ ಇನ್ನೇನು ಮಾಡುತ್ತದೆ? ಅಂಗಡಿಯಲ್ಲಿ ಇಂಚು ಮಾತ್ರ ಹೇಳಿದರು, ಈ ಎರಡನ್ನೂ ಹೇಳಲಿಲ್ಲ.

ಎರಡನೇ ಸಲ ಅಳೆದೇ ತಂದೆ. ಕಂಪನಿಯ ಆಫ್‌ಸೆಟ್ಟೇ ಬೇಕು ಅಂತ ಹಟ ಹಿಡಿದೆ. ಸ್ವಿಫ್ಟಿನ ಹಬ್, ಅಂದರೆ ರಿಮ್ಮಿನ ನಡುತೂತು ಕೂರುವ ಗುಂಡನೆಯ ಭಾಗ, 54.1 ಮಿಲಿಮೀಟರ್, ಹೊರಗೆ ಸಿಗುವ ಎಷ್ಟೋ ರಿಮ್ಮಿನ ನಡುತೂತು 73.1. ಆ ಸಂದಿಗೆ ಹಬ್ ರಿಂಗ್ ಹಾಕಿಸಿದೆ, ಇಲ್ಲದಿದ್ದರೆ ವೇಗದಲ್ಲಿ ಸ್ಟೇರಿಂಗ್ ನಡುಗುವ ಸಾಧ್ಯತೆ ಇರುತ್ತದೆ. ಆಮೇಲೆ ಅಮ್ಮ ಕಲಸಿಟ್ಟಿದ್ದ ಚಪಾತಿ ಹಿಟ್ಟಿನಲ್ಲಿ ನಾಲ್ಕು ಉಂಡೆ ತಗೊಂಡೆ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ನಾಲ್ಕೂ ಫೆಂಡರಿನ ಒಳಗೆ ಅಂಟಿಸಿದೆ. ಐದು ಜನರನ್ನು ಕೂರಿಸಿಕೊಂಡು, ಸ್ಟೇರಿಂಗ್ ಪೂರ್ತಿ ತಿರುಗಿಸಿ, ಬೀದಿಯ ಹಂಪಿನ ಮೇಲೆ ನಿಧಾನ ಹತ್ತಿಸಿ ಇಳಿಸಿದೆ. ವಾಪಸು ತೆಗೆದಾಗ ಹಿಂದಿನ ಎಡಗಡೆ ಹಿಟ್ಟು ಒತ್ತಿಕೊಂಡು 9 ಮಿಲಿಮೀಟರ್ ದಪ್ಪಕ್ಕೆ ಇಳಿದಿತ್ತು. ಟೈರಿನ ಗೆರೆಗಳು ಪಡಿಯಚ್ಚಾಗಿ ಮೂಡಿದ್ದವು. ಟೈರಿಗೂ ಫೆಂಡರಿಗೂ ನಡುವೆ ಉಳಿದ ಜಾಗ ಅಷ್ಟು. 9 ಸಾಕು. "ಹಿಟ್ಟು ಕಲಸಿದ್ದು ಕಾರಿಗೇನೋ?" ಅಂದರು ಅಮ್ಮ. ಇಷ್ಟು ವರ್ಷದಲ್ಲಿ ಸರಿಯಾದ ಪ್ರಶ್ನೆ ಕೇಳಿದವರು ಅವರೊಬ್ಬರೇ.

ದಯವಿಟ್ಟು ಸ್ಪ್ರಿಂಗ್ ಕತ್ತರಿಸಿ ಮಾತ್ರ ಗಾಡಿ ತಗ್ಗಿಸಬೇಡಿ. ಚಕ್ರ ಗಾಳಿಯಲ್ಲಿ ಇಳಿಬಿದ್ದಾಗ ಕತ್ತರಿಸಿದ ಸ್ಪ್ರಿಂಗ್ ಕೂತ ಜಾಗದಿಂದ ಜಾರಬಹುದು. ತಗ್ಗಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸಿ.

ಕಾನೂನಿನ ಬಗ್ಗೆ ಕೇಳಿದರೆ ನನ್ನ ಹತ್ತಿರ ವಾದ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ. ಕಂಪನಿಯ ಮೂಲ ಅಳತೆಗೆ ಹೊಂದದ ಬದಲಾವಣೆ ಕೂಡದು ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಾಡಿ ಕತ್ತರಿಸಿಲ್ಲ, ಹಳೇ ಸ್ಪ್ರಿಂಗು, ಚಕ್ರ ಅಟ್ಟದ ಮೇಲಿವೆ. ತೆಗೆಯಿರಿ ಅಂದರೆ ತೆಗೆಯುತ್ತೇನೆ.

ಕೊನೆಗೆ ಎಲ್ಲರೂ ಬರುವುದು "ಹಂಪಲ್ಲಿ ಏನ್ಮಾಡ್ತೀಯ?" ಅನ್ನುವಲ್ಲಿಗೆ. ಹಂಪು ಯಾಕೆ ಹಾಗಿದೆ ಅಂತ ಒಬ್ಬರಾದರೂ ಕೇಳಬಾರದಾ? ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ರಸ್ತೆಯ ಹಂಪಿಗೆ ಅಳತೆ ಕೊಟ್ಟಿತ್ತು. ಎತ್ತರ 10 ಸೆಂಟಿಮೀಟರ್, ಉದ್ದ 3.7 ಮೀಟರ್. ಗಂಟೆಗೆ 25 ಕಿಲೋಮೀಟರಿನಲ್ಲಿ ದಾಟಲು ಮಾಡಿದ್ದು. ನನ್ನ ಗಾಡಿಯ ಮುಂದಿನ, ಹಿಂದಿನ ಚಕ್ರಗಳ ನಡುವೆ 2.43 ಮೀಟರ್ ಇದೆ. ಆ ಹಂಪಿನ ಮೇಲೆ ನಾಲ್ಕೂ ಚಕ್ರ ಒಟ್ಟಿಗೆ ನಿಲ್ಲುತ್ತವೆ. ಹೊಟ್ಟೆಯ ಕೆಳಗೆ ಸುಮಾರು 4.5 ಸೆಂಟಿಮೀಟರ್ ಜಾಗ ಇದ್ದರೆ ದಾಟಬಹುದು. ನನ್ನದರಲ್ಲಿ 13.5 ಇದೆ.

ನಮ್ಮ ಬೀದಿಯ ಹಂಪು ಅಳೆದೆ. ಎತ್ತರ 16 ಸೆಂಟಿಮೀಟರ್, ಉದ್ದ 90. ಅದರ ಮೇಲೆ ನನ್ನ ಗಾಡಿ ನೇರ ಹೋದರೆ ತಾಗುತ್ತದೆ, ಓರೆಯಾಗಿ ಹತ್ತಿಸಬೇಕು. ಕಂಪನಿಯಿಂದ ಬಂದ 17 ಸೆಂಟಿಮೀಟರಿನ ಸ್ವಿಫ್ಟೂ ಐದು ಜನ ಕೂತರೆ ತಾಗುತ್ತದೆ, ಪಕ್ಕದ ಮನೆಯವರದು ದಿನಾ ತಾಗುತ್ತಿದೆ. ಆಟೋದಲ್ಲಿ ಹೆರಿಗೆಗೆ ಹೊರಟ ಹೆಂಗಸಿನ ಬೆನ್ನಿಗೆ ಏನಾಗುತ್ತದೆ ಅಂತ ಬೇರೆ ಹೇಳಬೇಕಾ? ಅಳತೆ ಬರೆದು, ಫೋಟೋ ಸೇರಿಸಿ ಎರಡು ಸಲ ಅರ್ಜಿ ಕೊಟ್ಟಿದ್ದೇನೆ. ಒಬ್ಬನದೇ ಸಹಿ ಇದ್ದರೆ ಅರ್ಜಿ ಮೇಜು ದಾಟುವುದಿಲ್ಲ. ಚಿಕ್ಕಪ್ಪ, ನಿಮ್ಮ ಬೀದಿಯದನ್ನೂ ಅಳೆಯೋಣ, ಬನ್ನಿ. ಟೇಪು ಡಿಕ್ಕಿಯಲ್ಲೇ ಇದೆ.