ಮರಿಯಮ್ಮನಿಗೂ ಪಿಲಾತನಿಗೂ ನಡುವಿನ ಜಾಗ

ಪಾಸ್ಕ ಹಬ್ಬಕ್ಕೆ (ಈಸ್ಟರ್) ಮೊದಲಿನ ತಪಸ್ಸುಕಾಲ ಶುರುವಾದ ಮೇಲೆ ಧರ್ಮೋಪದೇಶದ ತರಗತಿಯಲ್ಲಿ ಡಿಗ್ರಿ ಮಕ್ಕಳಿಗೆ ಒಂದು ಕೆಲಸ ಕೊಡುತ್ತೇನೆ. ನಾನು ನಂಬುವುದು ಏನು, ಒಂದು ಪುಟದಲ್ಲಿ ಬರೆಯಿರಿ. ಮೊಬೈಲ್ ನೋಡುವ ಹಾಗಿಲ್ಲ, ಬಾಯಿಪಾಠ ಬರುವ ಜಪಗಳನ್ನು ಇಳಿಸುವ ಹಾಗಿಲ್ಲ, ಅಂಕವೂ ಇಲ್ಲ. ಪಾಸ್ಕದ ಹಿಂದಿನ ರಾತ್ರಿ ನಡೆಯುವ ಜಾಗರಣೆಯ ಶನಿವಾರದೊಳಗೆ ನನ್ನ ಕೈ ಸೇರಿದರೆ ಸಾಕು.

ಆ ಪುಟಗಳನ್ನು ನಾನು ಓದುವುದು ಪವಿತ್ರ ವಾರದಲ್ಲಿ. ಕನಕಪುರದ ಕಡೆಯಿಂದ ಬಂದು ಪಿಜಿಯಲ್ಲಿರುವ ಒಬ್ಬಳು ಬರೆದಿದ್ದಳು: ಊರಲ್ಲಿ ಸಂಜೆಯಾದರೆ ಅಜ್ಜಿ ಮನೆಮಂದಿಯನ್ನೆಲ್ಲ ಕೂರಿಸಿ ಜಪಸರ ಹೇಳಿಸುತ್ತಿದ್ದರು, ಇಲ್ಲಿ ಒಂದೇ ಕೋಣೆಯಲ್ಲಿ ನಾಲ್ವರು, ದೀಪ ಆರಿದ ಮೇಲೆ ಹೊದಿಕೆಯೊಳಗೆ ಬೆರಳೆಣಿಸಿ ಹೇಳಿಕೊಳ್ಳುತ್ತೇನೆ, ದನಿ ಹೊರಡದ ಜಪವನ್ನೂ ಕೇಳಿಸಿಕೊಳ್ಳುವ ದೇವರನ್ನು ನಂಬುತ್ತೇನೆ. ರಾತ್ರಿ ಹೊತ್ತು ಊಟದ ಡೆಲಿವರಿ ಮಾಡುತ್ತ ಬಿಕಾಂ ಓದುವ ಹುಡುಗನದು ಮೂರೇ ಸಾಲು. ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಅವನಿಗೆ ಸರ್ವಿಸ್ ಲಿಫ್ಟೇ ಗತಿ. ಆ ಲಿಫ್ಟಿನಲ್ಲಿ ನನ್ನ ಜೊತೆ ಮೇಲೆ ಬರುವ ಯೇಸುಸ್ವಾಮಿಯನ್ನು ನಂಬುತ್ತೇನೆ ಎಂದು ಬರೆದಿದ್ದ. ಊರ ಬಾಗಿಲ ಹೊರಗೆ ಶಿಲುಬೆಯಲ್ಲಿ ಪ್ರಾಣ ಬಿಟ್ಟ ಆ ಸ್ವಾಮಿಯನ್ನು ಅವನು ಸರಿಯಾದ ಜಾಗದಲ್ಲೇ ಗುರುತು ಹಿಡಿದಿದ್ದಾನೆ ಅನ್ನಿಸಿ ಬಹಳ ಹೊತ್ತು ಆ ಪುಟ ಕೆಳಗಿಡಲಾಗಲಿಲ್ಲ.

ಇನ್ನೊಬ್ಬಳದು ಹರಕೆಯ ಮಾತು. ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾದಲ್ಲಿ ಆಗಸ್ಟ್ 29ಕ್ಕೆ ಬಾವುಟ ಏರುತ್ತದೆ, ಒಂಬತ್ತು ದಿನದ ನೊವೇನಾ ಪ್ರಾರ್ಥನೆ, ಸೆಪ್ಟೆಂಬರ್ 8ಕ್ಕೆ ಮಾತೆಯ ಹುಟ್ಟುಹಬ್ಬ, ತೇರು. ಕಾವಿ ಬಟ್ಟೆ ಉಟ್ಟು ಎಲ್ಲೆಲ್ಲಿಂದಲೋ ನಡೆದು ಬರುವ ಭಕ್ತರನ್ನು ನೋಡದ ಬೆಂಗಳೂರಿನವರು ಕಡಿಮೆ. ಬಾಕಿ ಉಳಿದ ಪೇಪರು ಪಾಸಾಗಲಿ ಎಂದು ಇವಳು ಹರಕೆ ಹೊತ್ತಿದ್ದಳು. ಪಾಸಾಗಲಿಲ್ಲ. ಆದರೂ ಹಬ್ಬಕ್ಕೆ ಕಾವಿ ಉಟ್ಟು ನಡೆದೇ ಹೋದಳಂತೆ. ಅಮ್ಮನ ಹತ್ತಿರ ನನ್ನದು ಬರೀ ಕೊಟ್ಟು ತೆಗೆದುಕೊಳ್ಳುವ ಸಂಬಂಧ ಅಲ್ಲ ಅಂತ ಅವತ್ತು ಗೊತ್ತಾಯಿತು ಎಂದಿದ್ದಳು. ಅಂದಹಾಗೆ, ಬೆಸಿಲಿಕಾದ ಈಗಿನ ಕಟ್ಟಡ ಮುಗಿದದ್ದೂ ಸಂತ ಜೋಸೆಫರ ಕಾಲೇಜು ಶುರುವಾದದ್ದೂ 1882ರಲ್ಲೇ. ಈ ಊರಿನಲ್ಲಿ ಓದು ಮತ್ತು ಹರಕೆ ಒಟ್ಟೊಟ್ಟಿಗೇ ಬೆಳೆದಿವೆ.

ನಂಬುವುದನ್ನು ಎಲ್ಲರೂ ಒಟ್ಟಿಗೆ ಹೇಳಲೆಂದು ಧರ್ಮಸಭೆ ಕೊಟ್ಟ ಸಾಲುಗಳು, ವಿಶ್ವಾಸ ಪ್ರಮಾಣ, ಇರುವಾಗ ಮಕ್ಕಳ ಕೈಲಿ ಬೇರೆಯದು ಬರೆಸುವುದು ಯಾಕೆ ಎಂದು ಹಿರಿಯರೊಬ್ಬರು ಕೇಳಿದರು. ಅವರ ಆತಂಕ ನನಗೆ ಅರ್ಥವಾಗುತ್ತದೆ. ಅವರವರಿಗೆ ಹಿಡಿಸಿದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡುತ್ತ ಹೋದರೆ ಕೊನೆಗೆ ನಾಲ್ಕು ಜನ ಒಟ್ಟಿಗೆ ನಿಂತು ಹೇಳಲು ಏನೂ ಉಳಿಯುವುದಿಲ್ಲ. ಆದರೆ ಆ ಪ್ರಮಾಣ ನಮ್ಮ ಕೈಗೆ ಬಂದ ದಾರಿಯನ್ನೂ ನೋಡಬೇಕು. ನೈಸಿಯಾದಲ್ಲಿ 325ರಲ್ಲಿ ಧರ್ಮಾಧ್ಯಕ್ಷರು ಸೇರಿ ಒಪ್ಪಿ, 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ವಿಸ್ತಾರವಾಗಿ ಬಂದದ್ದು ಒಂದು. ಭಾನುವಾರ ಪೂಜೆಯಲ್ಲಿ ಹೇಳುವ ಆ ಪ್ರಮಾಣಕ್ಕೆ 2025ಕ್ಕೆ 1700 ವರ್ಷ ತುಂಬಿತು. ಇನ್ನೊಂದು, ಜಪಸರದ ಮೊದಲಲ್ಲಿ ಹೇಳುವ ಚಿಕ್ಕದು, ಪ್ರೇಷಿತರದು, ಅಂದರೆ ಯೇಸುವಿನ ಹನ್ನೆರಡು ಶಿಷ್ಯರ ಹೆಸರಿನಲ್ಲಿರುವುದು. ಇದರ ಬೇರು ಇರುವುದು ಕ್ರೈಸ್ತರಾಗುವವರು ಪಡೆಯುವ ಜ್ಞಾನಸ್ನಾನದ ನೀರಿನಲ್ಲಿ. ನೀರಿಗಿಳಿದವರನ್ನು ಗುರುಗಳು ಕೇಳುತ್ತಿದ್ದರು: ತಂದೆಯನ್ನು ನಂಬುತ್ತೀಯಾ? ಸುತನನ್ನು ನಂಬುತ್ತೀಯಾ? ಪವಿತ್ರಾತ್ಮರನ್ನು ನಂಬುತ್ತೀಯಾ? ಒಂದೊಂದಕ್ಕೂ ಅವರೇ ಬಾಯಿಬಿಟ್ಟು ಉತ್ತರ ಹೇಳಬೇಕಿತ್ತು.

ಕಾಲೇಜಿನವರಿಗೆ ನಾನು ತಪ್ಪದೆ ಹೇಳುವ ಒಂದು ಕಥೆ ಇದೆ. ನಾಲ್ಕನೆಯ ಶತಮಾನದ ರೋಮಿನಲ್ಲಿ ವಿಕ್ಟೋರಿನಸ್ ಎಂಬ ಮೇಷ್ಟ್ರಿದ್ದರು. ವಾಗ್ಮಿಶಾಸ್ತ್ರ ಕಲಿಸುವುದರಲ್ಲಿ ಎಷ್ಟು ಹೆಸರೆಂದರೆ ಊರ ನಡುವಿನ ಚೌಕದಲ್ಲಿ ಅವರ ಪ್ರತಿಮೆಯನ್ನೇ ನಿಲ್ಲಿಸಿದ್ದರು. ಮುಪ್ಪಿನಲ್ಲಿ ಪವಿತ್ರ ಗ್ರಂಥ ಓದುತ್ತ ಓದುತ್ತ ಮನಸ್ಸು ತಿರುಗಿತು. ಸಿಂಪ್ಲಿಸಿಯಾನಸ್ ಎಂಬ ಸ್ನೇಹಿತರನ್ನು ಕರೆದು ಗುಟ್ಟಾಗಿ, ನಾನೀಗ ಕ್ರೈಸ್ತನೇ ಎಂದರು. ನಿಮ್ಮನ್ನು ದೇವಾಲಯದಲ್ಲಿ ಕಂಡ ಮೇಲೆ ನಂಬುತ್ತೇನೆ ಎಂದರು ಅವರು. ಮೇಷ್ಟ್ರು ನಕ್ಕು, ಹಾಗಾದರೆ ಕ್ರೈಸ್ತರನ್ನು ಮಾಡುವುದು ಗೋಡೆಗಳೋ ಎಂದು ಕೇಳಿದರು. ಈ ಮಾತು ಇಬ್ಬರ ನಡುವೆ ಮತ್ತೆ ಮತ್ತೆ ನಡೆಯಿತು. ದೊಡ್ಡ ಸ್ನೇಹಿತರು ಏನಂದುಕೊಂಡಾರು ಎಂಬ ಅಂಜಿಕೆ ಮೇಷ್ಟ್ರಿಗೆ. ಒಂದು ದಿನ ಅವರೇ, ನಡೆಯಿರಿ, ದೇವಾಲಯಕ್ಕೆ ಹೋಗೋಣ ಎಂದರು. ಪ್ರಮಾಣ ಹೇಳುವ ದಿನ ಬಂದಾಗ, ನಾಚಿಕೆಪಡುವವರಿಗೆ ಕೊಡುವಂತೆ ನಿಮಗೂ ಏಕಾಂತದಲ್ಲಿ ಹೇಳಲು ಅವಕಾಶ ಕೊಡುತ್ತೇವೆ ಎಂದರು ಗುರುಗಳು. ಮೇಷ್ಟ್ರು ಒಪ್ಪಲಿಲ್ಲ. ಜನರೆಲ್ಲರೆದುರು ಎತ್ತರದ ಜಾಗದಲ್ಲಿ ನಿಂತು ಹೇಳಿದರು. ಅವರನ್ನು ಕಂಡ ಕೂಡಲೇ ಜನ ಒಬ್ಬರಿಗೊಬ್ಬರು ಅವರ ಹೆಸರು ಹೇಳಿಕೊಂಡು ಸಂತೋಷಪಟ್ಟರಂತೆ. ಇದನ್ನು ಬರೆದಿಟ್ಟ ಸಂತ ಅಗಸ್ಟೀನರೂ ಅದೇ ಶಾಸ್ತ್ರದ ಮೇಷ್ಟ್ರಾಗಿದ್ದವರು.

ವಿಕ್ಟೋರಿನಸ್ ಅವರು ಅಂದು ಹೇಳಿದ್ದು ಸ್ವಂತ ಭಾಷಣವಲ್ಲ. ಮಾತೇ ಬಂಡವಾಳವಾಗಿದ್ದವರು, ಬಡಗಿ ಬೆಸ್ತರೂ ಕಲಿತಿದ್ದ ಅದೇ ಕೆಲವು ಸಾಲುಗಳನ್ನು ಹೇಳಿದರು. ಅವರ ಓದು, ಅಂಜಿಕೆ, ಸ್ನೇಹಿತನ ಜೊತೆಗಿನ ಆ ವಾದ ಎಲ್ಲವೂ ಆ ಸಾಲುಗಳ ಒಳಗೆ ಹೋಗಿ ಕೂತಿತು ಎಂದೇ ನನ್ನ ನಂಬಿಕೆ.

ಹಾಗೆ ಕೂರಲು ಒಳಗೆ ಜಾಗವೂ ಇದೆ. ಪ್ರೇಷಿತರ ಪ್ರಮಾಣವನ್ನು ಒಮ್ಮೆ ನಿಧಾನವಾಗಿ ಹೇಳಿ ನೋಡಿ. ಕನ್ಯಾಮರಿಯಮ್ಮನಿಂದ ಜನಿಸಿದರು ಎಂದ ಮೇಲೆ ಬರುವ ಮುಂದಿನ ಮಾತೇ ಪಿಲಾತನ ಕಾಲದಲ್ಲಿ ಪಾಡುಪಟ್ಟರು ಎಂಬುದು. ಪಿಲಾತ ಎಂದರೆ ಯೇಸುವಿಗೆ ಶಿಲುಬೆಯ ಶಿಕ್ಷೆ ಕೊಟ್ಟ ರೋಮನ್ ಅಧಿಕಾರಿ. ಹುಟ್ಟಿಗೂ ಶಿಲುಬೆಗೂ ನಡುವೆ ಒಂದು ಉಸಿರಿನಷ್ಟೇ ಅಂತರ. ಕಾನಾ ಊರಿನ ಮದುವೆ ಇಲ್ಲ, ಕುಷ್ಠರೋಗಿಯನ್ನು ಮುಟ್ಟಿದ ಕೈ ಇಲ್ಲ, ಸಮಾರಿಯದ ಬಾವಿ ಇಲ್ಲ, ಐದು ರೊಟ್ಟಿ ಎರಡು ಮೀನು ಇಲ್ಲ. ಅದೆಲ್ಲ ಯೇಸುವಿನ ಬದುಕನ್ನು ಹೇಳುವ ಶುಭಸಂದೇಶಗಳಲ್ಲಿ ಇದೆ, ಪ್ರಮಾಣ ಅದನ್ನು ಹೇಳದೆ ದಾಟುತ್ತದೆ. ನನ್ನ ಮಕ್ಕಳ ಪುಟಗಳು ತುಂಬಿರುವುದು ಈ ಜಾಗದಲ್ಲೇ! ಸರ್ವಿಸ್ ಲಿಫ್ಟು, ಹೊದಿಕೆಯೊಳಗಿನ ಜಪ, ಫೇಲಾದ ಪೇಪರು ಎಲ್ಲ ಮರಿಯಮ್ಮನಿಗೂ ಪಿಲಾತನಿಗೂ ನಡುವೆಯೇ. ಆ ಎರಡು ಹೆಸರುಗಳು ಎರಡು ಕಡೆ ಕಂಬದ ಹಾಗೆ ನಿಂತಿರುವವರೆಗೆ ಅವರು ಬರೆಯುವುದಕ್ಕೆ ನಾನು ಹೆದರುವುದಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಪ್ರತಿಸಲವೂ ಕಲಕುತ್ತದೆ. ಹನ್ನೆರಡರ ಬಾಲಕ ಯೇಸು ದೇವಾಲಯದಲ್ಲಿ ಪಂಡಿತರ ಜೊತೆ ಕೂತದ್ದನ್ನು ಶುಭಸಂದೇಶ ಬರೆದ ಲೂಕ ಹೇಳುತ್ತಾರೆ. ಆಮೇಲೆ ಸುಮಾರು ಮೂವತ್ತರ ವಯಸ್ಸಿಗೆ ಬಂದುಬಿಡುತ್ತಾರೆ. ನಡುವಿನ ವರ್ಷಗಳಿಗೆ ಸಿಕ್ಕಿದ್ದು ಜ್ಞಾನದಲ್ಲೂ ಪ್ರಾಯದಲ್ಲೂ ದೇವರ, ಮನುಷ್ಯರ ದಯೆಯಲ್ಲೂ ಬೆಳೆದರು ಎಂಬ ಒಂದೇ ಸಾಲು. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು ಎಲ್ಲ ಆ ಒಂದು ಸಾಲಿನಲ್ಲಿ. ನನ್ನೆದುರು ಬೆಂಚಿನಲ್ಲಿ ಕೂತಿರುವವರ ವಯಸ್ಸು ಯೇಸುಸ್ವಾಮಿಗೂ ಆಗಿತ್ತು, ಯಾರ ಕಣ್ಣಿಗೂ ಬೀಳದ ನಜರೇತಿನಲ್ಲಿ ಆಗಿತ್ತು. ಬದುಕಿನಲ್ಲಿ ಇನ್ನೂ ಏನೂ ಆಗಿಲ್ಲ ಎಂದು ಕೊರಗುವ ಮಕ್ಕಳಿಗೆ ನಾನು ಆ ಸಾಲನ್ನೇ ಓದಿ ಹೇಳುತ್ತೇನೆ.

ಪಾಸ್ಕ ಜಾಗರಣೆಯ ರಾತ್ರಿ ಭಾನುವಾರದ ಪ್ರಮಾಣ ಹೇಳುವುದಿಲ್ಲ, ಜ್ಞಾನಸ್ನಾನದ ಆ ಹಳೆಯ ಪ್ರಶ್ನೆಗಳು ವಾಪಸು ಬರುತ್ತವೆ. ಹೊರಗೆ ಹೊಸ ಬೆಂಕಿ, ಆ ವರ್ಷದ ಅಂಕಿ ಕೊರೆದ ಪಾಸ್ಕ ಮೇಣದಬತ್ತಿ, ಕತ್ತಲ ದೇವಾಲಯದೊಳಗೆ ಕೈಯಿಂದ ಕೈಗೆ ಹರಡುವ ಬೆಳಕು. ವಾಚನ, ಪ್ರಬೋಧನೆ ಮುಗಿದ ಮೇಲೆ ಎಲ್ಲರೂ ಬತ್ತಿ ಹಿಡಿದು ಎದ್ದು ನಿಲ್ಲುತ್ತೇವೆ. ಸೈತಾನನನ್ನು ತಿರಸ್ಕರಿಸುತ್ತೀರಾ? ತಂದೆ ದೇವರನ್ನು ವಿಶ್ವಾಸಿಸುತ್ತೀರಾ? ಹಾಲುಗಲ್ಲದವರಿಂದ ಹಿಡಿದು ಊರುಗೋಲು ಹಿಡಿದವರವರೆಗೆ ಒಂದೇ ಉತ್ತರ.

ಈ ಸಲ ಶನಿವಾರ ಸಂಜೆ ಒಬ್ಬ ಹುಡುಗ ಪುಟ ಕೊಡಲು ಬಂದವನು ಅಲ್ಲೇ ನಿಂತ. ಅವನ ತಂದೆ ತೀರಿಕೊಂಡು ವರ್ಷ ತುಂಬಿಲ್ಲ. "ಮ್ಯಾಮ್, ಪುನರುತ್ಥಾನದ ಸಾಲು ನನ್ನ ಬಾಯಲ್ಲಿ ಬರ್ತಿಲ್ಲ. ಪೂಜೆ ಬಿಡೋಕೂ ಆಗ್ತಿಲ್ಲ. ಆ ಪ್ರಶ್ನೆಗೆ ಸುಮ್ಮನೆ ನಿಂತಿರಬಹುದಾ?"

ನಾನು ಅವನಿಗೆ ತೋಮನನ್ನು ನೆನಪಿಸಿದೆ. ಸತ್ತು ಮತ್ತೆ ಎದ್ದ ಪ್ರಭುವನ್ನು ಕಂಡೆವು ಎಂದು ಉಳಿದ ಶಿಷ್ಯರು ಹೇಳಿದಾಗ, ಗಾಯದಲ್ಲಿ ಬೆರಳಿಟ್ಟ ಹೊರತು ನಂಬೆ ಎಂದವನು ಅವನು. ಆಮೇಲಿನ ಮಾತನ್ನು ಅನೇಕರು ಗಮನಿಸುವುದಿಲ್ಲ. ಎಂಟು ದಿನ ಕಳೆದ ಮೇಲೂ ತೋಮನು ಅದೇ ಮನೆಯಲ್ಲಿ ಅವರ ಜೊತೆಗೇ ಇದ್ದ. ನಂಬದವನನ್ನು ಅವರು ಹೊರಗೆ ಹಾಕಲಿಲ್ಲ, ಅವನೂ ಎದ್ದು ಹೋಗಲಿಲ್ಲ. ಯೇಸುಸ್ವಾಮಿ ಎದುರು ಬಂದು ನಿಂತಾಗ 'ನನ್ನ ಪ್ರಭುವೇ, ನನ್ನ ದೇವರೇ' ಎಂಬ ಮಾತು ಆ ಮನೆಯಲ್ಲಿ, ಅವನ ಬಾಯಿಂದಲೇ ಬಂತು. ಗುರುಗಳು ಪರಮಪ್ರಸಾದವನ್ನು ಮೇಲೆತ್ತಿದಾಗ ನಮ್ಮಲ್ಲಿ ಎಷ್ಟೋ ಜನ ಮೆಲ್ಲಗೆ ಹೇಳಿಕೊಳ್ಳುವುದು ಆ ಮಾತನ್ನೇ.

"ಬತ್ತಿ ಹಿಡಿದು ನಮ್ಮ ಜೊತೆ ನಿಂತ್ಕೋಪ್ಪ, ಆ ಸಾಲು ನಾವು ಹೇಳ್ತೀವಿ," ಎಂದೆ. "ಮುಂದಿನ ಭಾನುವಾರನೂ ಬಾ. ಪಾಸ್ಕ ಆದ ಮಾರನೇ ಭಾನುವಾರ ಪ್ರತಿ ವರ್ಷವೂ ತೋಮನ ಶುಭಸಂದೇಶವೇ ಓದೋದು. ಆಮೇಲೆ ಕೂತು ಮಾತಾಡೋಣ."