ಹರಿದದ್ದಲ್ಲ, ಕತ್ತರಿಸಿದ್ದು

“ಇದು ಹರಿದದ್ದಲ್ಲಮ್ಮ, ಕತ್ತರಿಸಿದ್ದು” ಎಂದರು ನಮ್ಮ ಕಟಿಂಗ್ ಮಾಸ್ಟರ್. ನಾನು ಮೊಣಕಾಲಿನ ಬಳಿ ಬ್ಲೇಡಿನಿಂದ ಸೀಳಿದ್ದ ಜೀನ್ಸನ್ನು ಅವರು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು.

ಪೀಣ್ಯದ ಒಂದು ಸಿದ್ಧ ಉಡುಪು ಕಾರ್ಖಾನೆಯ ಸ್ಯಾಂಪಲ್ ವಿಭಾಗದಲ್ಲಿ ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸಲು ಬೇಕಾದ ಅಳತೆಯ ಮಾದರಿ, ಮಾಡುವುದು ನನ್ನ ಕೆಲಸ. ಹೊರದೇಶದ ಬಯರ್ ಒಬ್ಬರು 1970ರ ದಶಕದ ಪಂಕ್ ಉಡುಪಿನ, ಅಂದರೆ ಆಗಿನ ಬಂಡಾಯದ ರಾಕ್ ಸಂಗೀತದ ಜೊತೆ ಬಂದ ಉಡುಪಿನ, ಚಿತ್ರಗಳನ್ನು ಕಳುಹಿಸಿ ಆ ಬಗೆಯ ಆರು ಸ್ಯಾಂಪಲ್ ಕೇಳಿದ್ದರು. ಚಿತ್ರದಲ್ಲಿ ಕಂಡದ್ದನ್ನು ಕಂಡ ಹಾಗೆ ಹಾಕಿದ್ದೆ: ಇಲ್ಲೊಂದು ಸೀಳು, ಅಲ್ಲೊಂದು ಸೇಫ್ಟಿ ಪಿನ್ನು, ಬೆನ್ನಿಗೆ ಒಂದು ಪಟ್ಟಿ. ಮೊದಲ ಎರಡು ಸ್ಯಾಂಪಲ್‌ಗಳು ವಾಪಸು ಬಂದವು. ಬಯರ್ ಹೇಳಿದ್ದು ಸ್ಪಷ್ಟವಾಗಿತ್ತು: ನಾಟಕದ ವೇಷದಂತಿದೆ.

ಮಾಸ್ಟರ್ ತಮ್ಮ ಮಗನ ಹಳೆಯ ಪ್ಯಾಂಟೊಂದನ್ನು ತಂದು ಪಕ್ಕಕ್ಕಿಟ್ಟರು. ಜೀನ್ಸಿನಲ್ಲಿ ಉದ್ದಕ್ಕಿರುವ ಹಾಸು ನೂಲು ನೀಲಿ, ಅಡ್ಡಕ್ಕಿರುವ ಹೊಕ್ಕು ನೂಲು ಬಿಳಿ. ಮೊಣಕಾಲು ಮಡಿಸಿ ಮಡಿಸಿ ಸವೆದಾಗ ಮೇಲಿರುವ ನೀಲಿ ನೂಲು ಮೊದಲು ತುಂಡಾಗುತ್ತದೆ, ಬಿಳಿಯದು ಅಡ್ಡಡ್ಡಲಾಗಿ ಜೋತು ಉಳಿಯುತ್ತದೆ. ನನ್ನ ಸೀಳಿನಲ್ಲಿ ಎರಡೂ ಒಂದೇ ಏಟಿಗೆ ಹೋಗಿದ್ದವು. ಅದರ ಹಿಂದೆ ಯಾರ ನಡಿಗೆಯೂ ಇರಲಿಲ್ಲ.

ಆಮೇಲೆ ಚಿತ್ರಗಳನ್ನು ಬದಿಗಿಟ್ಟು, ಆ ಬಟ್ಟೆಗಳು ಎಲ್ಲಿಂದ ಬಂದವು ಎಂದು ಓದಲು ಕುಳಿತೆ. ಲಂಡನ್ನಿನ ಕಿಂಗ್ಸ್ ರಸ್ತೆಯ 430ನೇ ನಂಬರಿನ ಅಂಗಡಿ. 1971ರಲ್ಲಿ ಮಾಲ್ಕಮ್ ಮೆಕ್ಲಾರೆನ್ ಮತ್ತು ಮುಂದೆ ಹೆಸರಾಂತ ವಸ್ತ್ರ ವಿನ್ಯಾಸಕಿಯಾದ ವಿವಿಯನ್ ವೆಸ್ಟ್‌ವುಡ್ ಅಲ್ಲಿ ಮಾರುತ್ತಿದ್ದದ್ದು 1950ರ ದಶಕದ ‘ಟೆಡ್ಡಿ ಬಾಯ್’ ಎನಿಸಿಕೊಂಡಿದ್ದ ಶೋಕಿಯ ಹುಡುಗರ ಉದ್ದ ಕೋಟಿನಂಥ ಹಳೆಯ ಶೈಲಿಯ ಬಟ್ಟೆ. 1974ರಲ್ಲಿ ಅಂಗಡಿಯ ಹೆಸರು ‘ಸೆಕ್ಸ್’ ಆಯಿತು, 1976ರ ಕೊನೆಗೆ ‘ಸೆಡಿಷನರೀಸ್’. ವೆಸ್ಟ್‌ವುಡ್ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ಹಳೆಯ ಉಡುಪುಗಳ ಹೊಲಿಗೆ ಬಿಚ್ಚಿ, ತುಂಡು ತುಂಡಾಗಿ ಹರಡಿ, ಅವು ಹೇಗೆ ನಿಂತಿವೆ ಎಂದು ನೋಡಿ ಕಟಿಂಗ್ ಕಲಿತರು. ಇದನ್ನು ಓದಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ನಮ್ಮ ಮಾಸ್ಟರ್ ಕಲಿತದ್ದೂ ಹಾಗೆಯೇ, ಸೋದರಮಾವನ ಅಂಗಡಿಯಲ್ಲಿ ಹಳೆಯ ಸಫಾರಿ ಸೂಟುಗಳನ್ನು ಬಿಚ್ಚಿ.

ಪಿನ್ನಿನ ಬೇರು ಇನ್ನೊಂದು ಊರಿನದು. ನ್ಯೂಯಾರ್ಕಿನ ಸಂಗೀತಗಾರ ರಿಚರ್ಡ್ ಹೆಲ್ ಹರಿದ ಟೀ ಶರ್ಟನ್ನು ಪಿನ್ನಿನಿಂದ ಕೂಡಿಸಿ ತೊಡುತ್ತಿದ್ದರು. ಆ ರೂಪವನ್ನು ಮೆಕ್ಲಾರೆನ್ ಲಂಡನ್ನಿಗೆ ಒಯ್ದರು. 1976ರ ಬ್ರಿಟನ್ನಿನಲ್ಲಿ ಕೆಲಸವಿಲ್ಲದವರ ಸಂಖ್ಯೆ ಹತ್ತು ಲಕ್ಷ ದಾಟಿತ್ತು. ಕಿಂಗ್ಸ್ ರಸ್ತೆಯ ಅಂಗಡಿಯ ಬೆಲೆ ತೆರಲಾಗದ ಹುಡುಗ ಹುಡುಗಿಯರು ಹಳೆಯ ಬಟ್ಟೆಗೆ ತಾವೇ ಪಿನ್ನು ಚುಚ್ಚಿದರು, ಬಣ್ಣ ಬಳಿದರು. ಪಿನ್ನು ಅಲಂಕಾರವಾಗುವ ಮೊದಲು ರಿಪೇರಿಯಾಗಿತ್ತು. ನಾನು ಅದನ್ನು ಹರಿಯದ ಬಟ್ಟೆಯ ಮೇಲೆ ಸಾಲಾಗಿ ಚುಚ್ಚಿದ್ದೆ.

ಆ ಅಂಗಡಿಯ ‘ಅನಾರ್ಕಿ’ (ಅರಾಜಕತೆ) ಶರ್ಟುಗಳನ್ನು ಮಾಡಿದ್ದು ಮಾರಾಟವಾಗದೆ ಉಳಿದ ಹಳೆಯ ಶರ್ಟುಗಳಿಂದ. ಅವಕ್ಕೆ ಬಣ್ಣ ಹಾಕಿ, ಪಟ್ಟೆ ಎಳೆದು, ಘೋಷಣೆ ಬರೆದ ತುಂಡುಗಳನ್ನು ಹೊಲಿಯುತ್ತಿದ್ದರು. ಉದ್ದ ತೋಳಿನ ಇನ್ನೊಂದು ಹೆಸರಾದ ಶರ್ಟು ತೆಳುವಾದ ಮಸ್ಲಿನ್‌ನದು; ನಾವು ಟ್ರಯಲ್‌ಗೆ ಬಳಸುವಂಥ ಅಗ್ಗದ ಬಟ್ಟೆ. ಅದರ ಮೇಲೆ ಮುದ್ರಿಸಿದ್ದ ನಾಜಿ ಚಿಹ್ನೆಯನ್ನು ಮಾತ್ರ ನಾನು ಯಾವ ಕಾರಣಕ್ಕೂ ಒಪ್ಪಲಾರೆ. ಹಿರಿಯರನ್ನು ಕೆಣಕಲು ಹಾಕಿದ್ದು ಎನ್ನುತ್ತಾರೆ, ಆದರೆ ಅದು ಬದುಕಿ ಉಳಿದವರ ಗಾಯವನ್ನು ಕೆದಕುವ ಕೆಲಸ. ಬಯರ್ ಕಳುಹಿಸಿದ ಚಿತ್ರಗಳಲ್ಲಿ ಅದಿದ್ದ ಒಂದನ್ನು ಗೋಡೆಯಿಂದ ಇಳಿಸಿಬಿಟ್ಟೆ.

ಮತ್ತೆ ಕೆಲಸ ಶುರು ಮಾಡಿದೆವು. ಗೋದಾಮಿನಲ್ಲಿ ಪಟ್ಟೆ ಕೂಡದ ಕಾರಣಕ್ಕೆ ರಿಜೆಕ್ಟ್ ಆದ ಶರ್ಟುಗಳ ರಾಶಿ ಇತ್ತು. ಎಂಟನ್ನು ತಂದು ಪೂರ್ತಿ ಬಿಚ್ಚಿದೆವು. ಎರಡು ಕಾಲನ್ನು ಪಟ್ಟಿಯಿಂದ ಜೋಡಿಸುವ ‘ಬಾಂಡೇಜ್’ (ಬಂಧನ) ಪ್ಯಾಂಟಿಗೆ ಮೂರು ದಿನ ಹಿಡಿಯಿತು. ಪಟ್ಟಿ ಗಿಡ್ಡವಾದರೆ ನಡೆಯಲಾಗದು, ಉದ್ದವಾದರೆ ಹಗ್ಗದಂತೆ ತೂಗಾಡುತ್ತದೆ. ಅದನ್ನು ತೊಟ್ಟು ಕಾರ್ಖಾನೆಯ ಮೆಟ್ಟಿಲು ಹತ್ತಿದೆ, ಮರುದಿನ ಬಸ್ಸಿನ ಮೆಟ್ಟಿಲನ್ನೂ. ಬಸ್ಸಿಗೆ ಇನ್ನೂ ನಾಲ್ಕು ಬೆರಳು ಬೇಕಾಯಿತು.

ದೊಡ್ಡ ತೊಡಕು ಪಿನ್ನಿನದೇ. ರಫ್ತು ಕಾರ್ಖಾನೆಯಲ್ಲಿ ಮುರಿದ ಸೂಜಿಯ ಪ್ರತಿ ಚೂರನ್ನೂ ಹುಡುಕಿ ರಿಜಿಸ್ಟರಿಗೆ ಅಂಟಿಸಬೇಕು. ಸಿದ್ಧವಾದ ಬಟ್ಟೆ ಸೂಜಿಯ ಚೂರು ಪತ್ತೆ ಹಚ್ಚುವ ಯಂತ್ರದ ಕೆಳಗೆ ಹಾಯಬೇಕು. ಹೊಲಿಯುವವರ ಮೈಮೇಲೂ ಪಿನ್ನು ಇರಕೂಡದು. ನಮ್ಮ ವಿಭಾಗದ ಹಿರಿಯ ಟೈಲರ್ ಅಕ್ಕ ದಿನಾ ಬೆಳಿಗ್ಗೆ ಬಳೆಗೆ ಸಿಕ್ಕಿಸಿದ ಪಿನ್ನುಗಳನ್ನು ತೆಗೆದು ಊಟದ ಚೀಲದಲ್ಲಿಟ್ಟು ಒಳಗೆ ಬರುತ್ತಾರೆ. ಯಾರ ಚಪ್ಪಲಿಯ ಬಾರು ಕಿತ್ತರೂ, ಯಾರ ರವಿಕೆಯ ಹುಕ್ಕು ಹೋದರೂ ಸಂಜೆ ಗೇಟಿನಾಚೆ ಆ ಪಿನ್ನೇ ಗತಿ. ಎಲ್ಲಿ ಚುಚ್ಚಬೇಕು ಎಂದು ನಾನು ಕೇಳಿದ್ದು ಅವರನ್ನೇ.

“ಎಳೆತ ಬೀಳುವ ಕಡೆ ಹಾಕು. ಸುಮ್ಮನೆ ಇರುವ ಕಡೆ ಪಿನ್ನಿಗೇನು ಕೆಲಸ?” ಎಂದರು. ಭುಜ, ಕಂಕುಳ ಮತ್ತು ಬೆನ್ನಿನ ಮಡಿಕೆಯಲ್ಲಿ ಹೊಲಿಗೆಯನ್ನೇ ಬಿಟ್ಟು ಅವರು ಪಿನ್ನಿನಿಂದ ಕೂಡಿಸಿದರು. ತೋಳು ಎತ್ತಿದಾಗ ಶರ್ಟು ಬಾಯಿ ಬಿಟ್ಟು, ಇಳಿಸಿದಾಗ ಮುಚ್ಚಿಕೊಂಡಿತು.

ಉಕ್ಕಿನ ಪಿನ್ನು ಕಂಡೊಡನೆ ಯಂತ್ರ ಕೂಗಿತು. ಹಿತ್ತಾಳೆಯದನ್ನು ತರಿಸಿದೆವು, ಯಂತ್ರ ಸುಮ್ಮನಾಯಿತು. ಆದರೆ ಹಿತ್ತಾಳೆ ಮೆತ್ತಗೆ, ಎಳೆದರೆ ಬಾಯಿ ತೆರೆಯುತ್ತದೆ. ಅಕ್ಕ ಪ್ರತಿ ಪಿನ್ನಿನ ತಲೆಗೆ ಮೇಣದ ನೂಲು ಸುತ್ತಿ ಗಂಟು ಹಾಕಿದರು. ಈಗ ಸೂಜಿಯ ರಿಜಿಸ್ಟರಿನ ಪಕ್ಕದಲ್ಲಿ ಇನ್ನೊಂದು ಪುಸ್ತಕವಿದೆ: ಶರ್ಟಿಗೆ ಒಂಬತ್ತು ಪಿನ್ನು, ಕೊಟ್ಟವು ಎಷ್ಟು, ಹಾಕಿದವು ಎಷ್ಟು, ಉಳಿದವು ಎಷ್ಟು. ಲೆಕ್ಕ ಬರೆಯುವವರು ಅಕ್ಕನೇ.