ಸಿಮ್ಸ್ ಯಾವುದು ಆಡ್ಲಿ, 2ಆ 3ಆ 4ಆ?

ಇನ್ಮೇಲೆ ಯಾರಾದ್ರೂ ಕೇಳಿದ್ರೆ ಇದನ್ನ ಕಳಿಸಿ ಸುಮ್ನಾಗ್ತೀನಿ. ಪ್ರಶ್ನೆ ಇಷ್ಟೇ: ದಿ ಸಿಮ್ಸ್ ಗೇಮಲ್ಲಿ (ಮನುಷ್ಯರನ್ನ ಮಾಡಿ, ಮನೆ ಕಟ್ಟಿ, ಮದುವೆ ಮಕ್ಕಳು ಕೆಲಸ ಅಂತ ಸಂಸಾರ ನಡೆಸೋ ಆಟ) ಯಾವ ಭಾಗದಲ್ಲಿ ವೆರೈಟಿ ಜಾಸ್ತಿ? ಮೊನ್ನೆ ಒಂದು ನಾಮಕರಣದ ಊಟದಲ್ಲಿ, ನಾನು ಹೋಳಿಗೆಗೆ ತುಪ್ಪ ಹಾಕಿಸ್ಕೊಳ್ತಿದ್ರೆ ಪಕ್ಕದಲ್ಲಿ ಕೂತಿದ್ದ ಅಣ್ಣನ ಮಗ "ಅತ್ತೆ, ಕಂಟೆಂಟ್ ಯಾವುದ್ರಲ್ಲಿ ಜಾಸ್ತಿ?" ಅಂದ. ಕಂಟೆಂಟ್ ಅಂತೆ! ಗಂಡು ನೋಡೋಕೆ ಹೋಗಿ ಮನೇಲಿ ಎಷ್ಟು ಕುರ್ಚಿ ಇದೆ ಅಂತ ಎಣಿಸ್ಕೊಂಡು ಬಂದಂಗೆ.

ಸರಿ, ಲೆಕ್ಕಾನೇ ಬೇಕಾ, ತಗೊಳ್ಳಿ. 2004ರ ಸಿಮ್ಸ್ 2ಕ್ಕೆ 8 ಎಕ್ಸ್‌ಪಾನ್ಶನ್ ಪ್ಯಾಕ್ (ಮೂಲ ಆಟಕ್ಕೆ ಆಮೇಲೆ ದುಡ್ಡು ಕೊಟ್ಟು ಸೇರಿಸ್ಕೊಳ್ಳೋ ಹೊಸ ಕಂತು), 2009ರ 3ಕ್ಕೆ 11, 2014ರ 4ಕ್ಕೆ ಅದನ್ನೂ ದಾಟಿ ಬರ್ತಾನೇ ಇದೆ. 4ರ ಬೇಸ್ ಗೇಮ್ 2022ರಿಂದ ಫ್ರೀ, ಪ್ಯಾಕ್ ತಗೊಳ್ಳೋವಾಗ ಜೇಬು ನೋಡ್ಕೊಳ್ಳಿ. ಎಣಿಸಿದ್ರೆ 4 ಗೆದ್ದಂಗೆ. ಆದ್ರೆ ಇದೇ 4 ಬಂದಾಗ ಅದ್ರಲ್ಲಿ ಸ್ವಿಮ್ಮಿಂಗ್ ಪೂಲ್ ಇರ್ಲಿಲ್ಲ, ಪುಟ್ಟ ಹೆಜ್ಜೆ ಇಡೋ ಮಕ್ಕಳೂ ಇರ್ಲಿಲ್ಲ, ತೊಟ್ಟಿಲಲ್ಲಿದ್ದ ಕೂಸು ಸೀದಾ ಸ್ಕೂಲಿಗೆ ಹೋಗೋಷ್ಟು ದೊಡ್ಡದಾಗ್ತಿತ್ತು, ಮಧ್ಯದ ಆ ವಯಸ್ಸು ವಾಪಸ್ ಬಂದಿದ್ದು 2017ರಲ್ಲಿ.

3ರಲ್ಲಿ ಲೋಡಿಂಗ್ ಕಾಟ ಇಲ್ದೆ ಇಡೀ ಊರು ಸುತ್ತಬಹುದು, ಸೋಫಾ ಬಟ್ಟೆಯ ಡಿಸೈನೂ ನಿಮ್ಮಿಷ್ಟ. ನನ್ನ ಹಳೇ ಲ್ಯಾಪ್‌ಟಾಪ್ ಮಾತ್ರ ಕುಕ್ಕರ್ ಥರ ಕೂಗ್ತಿತ್ತು.

ಯಾವುದ್ರಲ್ಲಿ ಎಷ್ಟಿದೆ ಅನ್ನೋದು ಬಿಡಿ, ಎಡವಟ್ಟು ಮಾಡ್ಕೊಂಡ್ರೆ ಯಾವುದ್ರಲ್ಲಿ ಏನಾಗುತ್ತೆ ಅಂತ ಕೇಳ್ರಪ್ಪ, ಕೂತು ಹೇಳ್ತೀನಿ. ಸಿಮ್ಸ್ 2ರಲ್ಲಿ ನಂದೊಂದು ಸಂಸಾರ ಇತ್ತು, ಅಪ್ಪ ಮತ್ತೆ ಪುಟ್ಟ ಮಗಳು. ಪ್ರತಿ ಸಿಮ್‌ಗೂ ಜೀವನದಲ್ಲಿ ಏನು ಮುಖ್ಯ ಅಂತ ಒಂದು ಆಸ್ಪಿರೇಶನ್ ಇರುತ್ತೆ, ಇವನದ್ದು ಫ್ಯಾಮಿಲಿ. ಪ್ರಮೋಶನ್ ಸಿಗ್ಲಿ ಅಂತ ಅವನನ್ನ ಓದೋಕೆ ಕೂರಿಸಿ, ಸ್ಪೀಡ್ 3ಕ್ಕೆ ಹಾಕಿ, ಆಟ ನಿಲ್ಲಿಸೋದು ಮರೆತು ಒಲೆ ಮೇಲಿಟ್ಟಿದ್ದ ಹಾಲು ನೋಡೋಕೆ ಹೋದೆ. ಬಂದು ನೋಡಿದ್ರೆ ಮಗು ಹಸಿದು ಹಸಿದು, ಸೋಶಿಯಲ್ ವರ್ಕರ್ ಬಂದು ಎತ್ಕೊಂಡು ಹೋಗ್ತಿದ್ದಾಳೆ. ಆಸ್ಪಿರೇಶನ್ ಮೀಟರ್ ಪಾತಾಳಕ್ಕೆ. ಆಮೇಲೆ ಅವನು ಒಂದು ಹಿಟ್ಟಿನ ಚೀಲ ತಗೊಂಡು ಕೂಸಿನ ಥರ ಎದೆಗಪ್ಪಿ ಆಡಿಸ್ತಾ ನಿಂತ್ಕೊಂಡ. ಡಾಕ್ಟರೊಬ್ಬ ಆಕಾಶದಿಂದ ದೊಪ್ಪಂತ ಬಿದ್ದ, ಸಮಾಧಾನ ಮಾಡೋಕೆ. ನಕ್ಕೆ, ಆದ್ರೆ ಆ ಚೀಲ ನೋಡಕ್ಕಾಗ್ದೆ ಸೇವ್ ಮಾಡದೇನೇ ಕ್ಲೋಸ್ ಮಾಡಿದೆ. ಅವನದ್ದು ರೊಮ್ಯಾನ್ಸ್ ಆಸ್ಪಿರೇಶನ್ ಆಗಿದ್ರೆ ಹಿಟ್ಟಿನ ಚೀಲ ಅಲ್ಲ, ನೆಲ ಒರೆಸೋ ಮಾಪ್ ಹಿಡ್ಕೊಂಡು ಸರಸ ಆಡ್ತಿದ್ದ. ನಾನು ವೆರೈಟಿ ಅನ್ನೋದು ಇದಕ್ಕೆ.

4ರಲ್ಲೂ ಮಗೂನ ಎತ್ಕೊಂಡು ಹೋಗ್ತಾರೆ. ಅಪ್ಪ ಸ್ವಲ್ಪ ಹೊತ್ತು ಸಪ್ಪಗಿರ್ತಾನೆ, ಟೈಮ್ ಮುಗೀತಿದ್ದಂಗೆ ಆ ಬೇಜಾರು ಸ್ಕ್ರೀನ್ ಮೇಲಿನ ಮೂಡ್ ಲಿಸ್ಟಿಂದಾನೇ ಮಾಯ. ಹಾಗಂತ ಹಳೇದೆಲ್ಲಾ ಬಂಗಾರ ಅನ್ನೋ ಅಜ್ಜಿ ಮಾಡ್ಬೇಡಿ ನನ್ನ, ಮನೆ ಕಟ್ಟೋಕೆ ಇವತ್ತಿಗೂ 4ನ್ನೇ ತೆಗೆಯೋದು, ಗೋಡೆ ಎಳೆದು ರೂಮ್ ದೊಡ್ಡದು ಮಾಡೋ ಸುಖ ಬೇರೆ ಕಡೆ ಸಿಗಲ್ಲ.

ಇಷ್ಟನ್ನೂ ಪಂಕ್ತೀಲಿ ಕೂತು ಹೇಳಿದೀನಿ, ಹೋಳಿಗೆ ಆರಿ ಹೋಯ್ತು. ಹುಡುಗ ಎಲ್ಲಾ ಕೇಳಿ "ಅಲ್ಲ ಅತ್ತೆ, 2ರಲ್ಲಿ ಗ್ರಾಫಿಕ್ಸ್ ಹೆಂಗಿದೆ?" ಅಂದ. ಎಲೆ ಮಡಚಿ ಕೈ ತೊಳೆಯೋಕೆ ಎದ್ದೆ.